ದಪ್ಪ ಚಾಕೊಲೇಟ್ ಚಿಪ್ ಕುಕ್ಕಿ, ಅಂಚು ಗರಿಗರಿ, ನಡು ಮೆತ್ತಗೆ: ಕೊಡಗಿನ ಅಡುಗೆಮನೆಗೆ ಸಮಗ್ರ ಮಾರ್ಗದರ್ಶಿ

ಬೇಕರಿಯ ಬೆಣ್ಣೆ ಬಿಸ್ಕತ್ತು ಬಾಯಿಗಿಟ್ಟ ಕೂಡಲೇ ಪುಡಿಯಾಗಬೇಕು. ಇಲ್ಲಿ ಹೇಳಹೊರಟಿರುವ ಕುಕ್ಕಿ ಅದಕ್ಕೆ ತದ್ವಿರುದ್ಧ. ಅಂಚು ಮಾತ್ರ ತೆಳ್ಳಗೆ ಗರಿಯಾಗಿರುತ್ತದೆ. ಎರಡು ಕೈಯಲ್ಲಿ ಹಿಡಿದು ಮುರಿದರೆ ನಡುಭಾಗ ಪಟ್ಟನೆ ಮುರಿಯದೆ ಎಳೆದುಕೊಂಡು ಬರುತ್ತದೆ, ಕರಗಿದ ಚಾಕೊಲೇಟು ದಾರದಂತೆ ಜೋತು ಬೀಳುತ್ತದೆ. ಎತ್ತರ ಎರಡೂವರೆಯಿಂದ ಮೂರು ಸೆಂಟಿಮೀಟರ್. ಬಿಸ್ಕತ್ತಿನ ಲೆಕ್ಕದಲ್ಲಿ ಬೇಯಿಸಿದರೆ ಇದು ಕೆಟ್ಟಂತೆಯೇ, ಯಾಕೆಂದರೆ ನಡುಭಾಗ ಇನ್ನೂ ಹಸಿ ಎನ್ನಿಸುವಾಗಲೇ ಓವನ್ನಿನಿಂದ ತೆಗೆಯಬೇಕು.

ಚಾಕೊಲೇಟ್ ಚಿಪ್ ಕುಕ್ಕಿ ಹುಟ್ಟಿದ್ದು 1930ರ ದಶಕದಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಟ್‌ಮನ್ ಊರಿನ ಟೋಲ್ ಹೌಸ್ ಇನ್ ಎಂಬ ಹೋಟೆಲಿನಲ್ಲಿ. ಅದನ್ನು ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಚಾಕೊಲೇಟ್ ಬಾರನ್ನು ಕೊಚ್ಚಿ ಹಿಟ್ಟಿಗೆ ಬೆರೆಸಿದರು. ಆ ಕುಕ್ಕಿ ತೆಳುವಾಗಿತ್ತು. ಮುಷ್ಟಿ ಗಾತ್ರದ ದಪ್ಪ ಕುಕ್ಕಿಗೆ ಹೆಸರು ತಂದುಕೊಟ್ಟಿದ್ದು 1995ರಲ್ಲಿ ಶುರುವಾದ ನ್ಯೂಯಾರ್ಕಿನ ಲೆವೈನ್ ಬೇಕರಿ. ಅಲ್ಲಿನ ಒಂದೊಂದು ಕುಕ್ಕಿ ಸುಮಾರು 170 ಗ್ರಾಂ ತೂಗುತ್ತದೆ. ನಮ್ಮ ಮನೆಯ ಒಟಿಜಿಗೆ (ಮೇಜಿನ ಮೇಲಿಡುವ ಸಣ್ಣ ಕರೆಂಟು ಓವನ್ನಿಗೆ) ಅದು ಅತಿಯಾಯಿತು: ಅಂಚು ಸುಟ್ಟರೂ ನಡುಭಾಗ ತಣ್ಣಗೇ ಉಳಿಯುತ್ತದೆ. 95 ಗ್ರಾಮಿನ ಉಂಡೆ ಸರಿಯಾದ ಅಳತೆ.

ದಪ್ಪ ಎಲ್ಲಿಂದ ಬರುತ್ತದೆ

ಬಿಸಿ ಓವನ್ನಿನೊಳಗೆ ಹೋದ ಉಂಡೆಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಬೆಣ್ಣೆ 32ರಿಂದ 35 ಡಿಗ್ರಿಯಲ್ಲೇ ಕರಗಿ ಉಂಡೆಯನ್ನು ಹರಡಿಸಲು ನೋಡುತ್ತದೆ. ಮೊಟ್ಟೆ ಮತ್ತು ಮೈದಾ ಗಟ್ಟಿಯಾಗಿ ಅದನ್ನು ಹಿಡಿದು ನಿಲ್ಲಿಸಬೇಕು, ಆದರೆ ಅವು ಗಟ್ಟಿಯಾಗುವುದು 65 ಡಿಗ್ರಿ ದಾಟಿದ ಮೇಲೆ. ಈ ನಡುವಿನ ಹೊತ್ತಿನಲ್ಲಿ ಉಂಡೆ ಎಷ್ಟು ಕುಸಿಯುತ್ತದೆಯೋ ಕುಕ್ಕಿ ಅಷ್ಟು ತೆಳು. ಉಂಡೆ ತಣ್ಣಗಿದ್ದರೆ ಬೆಣ್ಣೆ ತಡವಾಗಿ ಕರಗುತ್ತದೆ. ಓವನ್ ಚೆನ್ನಾಗಿ ಕಾದಿದ್ದರೆ ಅಂಚು ಬೇಗ ಗಟ್ಟಿಯಾಗುತ್ತದೆ. ಮುಂದೆ ಬರುವ ಪ್ರತಿಯೊಂದು ಸೂಚನೆಯೂ, ಹಿಟ್ಟನ್ನು ಫ್ರಿಜ್ಜಿನಲ್ಲಿಡುವುದರಿಂದ ಹಿಡಿದು ಉಂಡೆ ಕಟ್ಟುವ ರೀತಿಯವರೆಗೆ, ಈ ಎರಡು ಮಾತಿಗೇ ಬಂದು ನಿಲ್ಲುತ್ತದೆ.

ಒಳಗಿನ ಮೆತ್ತನೆ ಗುಣದ ಕಾರಣ ಬೇರೆ. ಸಕ್ಕರೆ, ಅದರಲ್ಲೂ ಕಂದು ಸಕ್ಕರೆ, ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ನಡುಭಾಗ 76ರಿಂದ 80 ಡಿಗ್ರಿ ಮುಟ್ಟಿದಾಗ ತೆಗೆದರೆ ಆ ನೀರು ಒಳಗೇ ಉಳಿಯುತ್ತದೆ. 88 ಡಿಗ್ರಿಗೆ ಹೋದರೆ ಕೇಕಿನಂತಾಗುತ್ತದೆ, ಮಾರನೇ ದಿನಕ್ಕೆ ಒಣಕಲು. ಮೆತ್ತಗಿದೆ ಎಂದರೆ ಮೊಟ್ಟೆ ಹಸಿ ಎಂದು ಹೆದರಬೇಕಿಲ್ಲ, 71 ಡಿಗ್ರಿ ದಾಟಿದ ಮೊಟ್ಟೆ ತಿನ್ನಲು ಸುರಕ್ಷಿತ. ಬೇಯಿಸದ ಹಿಟ್ಟನ್ನು ಮಕ್ಕಳು ಬೆರಳಲ್ಲಿ ನೆಕ್ಕುವುದನ್ನು ಮಾತ್ರ ತಡೆಯಿರಿ. ಹಸಿ ಮೊಟ್ಟೆಯಷ್ಟೇ ಅಲ್ಲ, ಹಸಿ ಮೈದಾದಿಂದಲೂ ಹೊಟ್ಟೆ ಕೆಡಬಹುದು.

ಕೊಡಗಿನಲ್ಲಿ ಬದಲಾಗುವ ಮೂರು ಸಂಗತಿ

ಎತ್ತರ ಮೊದಲನೆಯದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದು 96 ಡಿಗ್ರಿಯ ಆಸುಪಾಸಿನಲ್ಲಿ. ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಸೋಡಾದ ಗುಳ್ಳೆಗಳು ಹೆಚ್ಚು ಉಬ್ಬಿ, ಬೇಗ ಒಡೆದು, ಕುಕ್ಕಿ ಎದ್ದು ಕುಸಿಯುತ್ತದೆ. ಹಾಗಾಗಿ ಸೋಡಾ ಸ್ವಲ್ಪ ಕಡಿಮೆ, ಮೈದಾ ಸ್ವಲ್ಪ ಹೆಚ್ಚು. ಕೆಳಗಿನ ಅಳತೆ ಮಡಿಕೇರಿ, ಸೋಮವಾರಪೇಟೆಯ ಕಡೆಗೆ ಹೊಂದುವಂಥದ್ದು. ಕುಶಾಲನಗರ ತಗ್ಗಿನಲ್ಲಿದೆ, ಅಲ್ಲಿ ಮೈದಾ 10 ಗ್ರಾಂ ಇಳಿಸಬಹುದು. ಆದರೆ ಮಾರ್ಚ್, ಏಪ್ರಿಲ್ ಸೆಕೆಯಲ್ಲಿ ಉಂಡೆಯನ್ನು ಹೆಚ್ಚು ಹೊತ್ತು ತಣ್ಣಗಿಡಬೇಕು.

ಎರಡನೆಯದು ಥಂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಯೊಳಗಿನ ಸಕ್ಕರೆಯೇ ಗಂಟು ಕಟ್ಟುವ ಊರು ಇದು, ಮೈದಾ ನೀರು ಹೀರದೆ ಬಿಟ್ಟೀತೇ? ಕೆಳಗಿನ ಪಟ್ಟಿಯ 190 ಗ್ರಾಂ ಮೈದಾದಲ್ಲಿ ಒಣ ಹಿಟ್ಟಿನ ಪಾಲು ಆಗ ಕಡಿಮೆ. ಮಳೆಗಾಲದಲ್ಲಿ ಕಲಸಿದ ಹಿಟ್ಟು ಕೈಗೆ ತೀರಾ ಅಂಟಿದರೆ ಇನ್ನೂ 10 ಗ್ರಾಂ ಮೈದಾ ಹಾಕಿ. ಅದಕ್ಕಿಂತ ಹೆಚ್ಚು ಬೇಡ.

ಮೂರನೆಯದು ಕರೆಂಟು. ಅದರ ವಿಷಯ ಬೇಯಿಸುವಾಗ ಬರುತ್ತದೆ.

ಬೇಕಾಗುವ ಸಾಮಾನು (95 ಗ್ರಾಮಿನ 8 ಕುಕ್ಕಿಗೆ)

ಬೆಣ್ಣೆ 115 ಗ್ರಾಂ, ತಣ್ಣಗಿನದು
ಮೆತ್ತನೆ ಕಂದು ಸಕ್ಕರೆ 100 ಗ್ರಾಂ
ಬಿಳಿ ಸಕ್ಕರೆ 50 ಗ್ರಾಂ
ಮೊಟ್ಟೆ, ಸಿಪ್ಪೆ ಬಿಟ್ಟು 50 ಗ್ರಾಂ
ವೆನಿಲ್ಲಾ ಎಸೆನ್ಸ್ 1 ಟೀ ಚಮಚ
ಮೈದಾ 190 ಗ್ರಾಂ
ಕಾರ್ನ್‌ಫ್ಲೋರ್ 8 ಗ್ರಾಂ (1 ಟೇಬಲ್ ಚಮಚ)
ಅಡುಗೆ ಸೋಡಾ ಕಾಲು ಟೀ ಚಮಚ, ತಲೆ ಸವರಿದ್ದು
ಬೇಕಿಂಗ್ ಪೌಡರ್ ಅರ್ಧ ಟೀ ಚಮಚ
ಪುಡಿ ಉಪ್ಪು ಅರ್ಧ ಟೀ ಚಮಚ (ಉಪ್ಪಿಲ್ಲದ ಬೆಣ್ಣೆಯಾದರೆ ಮಾತ್ರ)
ಚಾಕೊಲೇಟ್ 170 ಗ್ರಾಂ
ಅಕ್ರೋಟು ಅಥವಾ ಗೋಡಂಬಿ 80 ಗ್ರಾಂ

ಲೋಟ, ಕಪ್ಪಿನ ಲೆಕ್ಕ ಬೇಡ. ಒಂದೇ ಕಪ್ಪಿಗೆ ಮೈದಾವನ್ನು ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ. ಈ 30 ಗ್ರಾಮಿನಲ್ಲೇ ಕುಕ್ಕಿ ದೋಸೆಯಾಗುವುದೋ ಕಲ್ಲಾಗುವುದೋ ತೀರ್ಮಾನವಾಗಿಬಿಡುತ್ತದೆ. ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಚಾಕೊಲೇಟನ್ನು ಆರಿಸುವುದು

ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರ ಓದದೆ ಹಣ ಕೊಡಬೇಡಿ. ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಬಹುತೇಕ ಚೋಕೋ ಚಿಪ್ಸ್ 'ಕಾಂಪೌಂಡ್' ಜಾತಿಯವು. ಅವುಗಳಲ್ಲಿ ಕೋಕೋ ಬೆಣ್ಣೆಯ ಬದಲು ಗಟ್ಟಿಗೊಳಿಸಿದ ವನಸ್ಪತಿ ಕೊಬ್ಬು ಇರುತ್ತದೆ. ಬೇಯಿಸಿದ ಮೇಲೂ ಕಾಳಿನಂತೆ ನಿಂತುಕೊಳ್ಳುತ್ತವೆ, ತಿಂದರೆ ಅಂಗುಳಕ್ಕೆ ಮೇಣ ಮೆತ್ತಿದ ಹಾಗೆ. ಕೋಕೋ ಬೆಣ್ಣೆ ಕರಗುವುದು 34 ಡಿಗ್ರಿಯ ಸುತ್ತ, ಅಂದರೆ ನಾಲಿಗೆಯ ಬಿಸಿಯೇ ಸಾಕು. ಪರೀಕ್ಷೆಯೂ ಇದೇ: ಒಂದು ತುಂಡನ್ನು ಅಗಿಯದೆ ನಾಲಿಗೆಯ ಮೇಲಿಡಿ, ಅರ್ಧ ನಿಮಿಷದಲ್ಲಿ ನುಣ್ಣಗೆ ಹರಿದರೆ ತನ್ನಿ, ಹರಿಯದಿದ್ದರೆ ಬಿಡಿ. ಮಡಿಕೇರಿ ಪೇಟೆಯಲ್ಲಿ ತೂಕಕ್ಕೆ ಸಿಗುವ ಹೋಮ್‌ಮೇಡ್ ಚಾಕೊಲೇಟಿಗೂ ಇದೇ ಪರೀಕ್ಷೆ. ಕೆಲವು ಗೆಲ್ಲುತ್ತವೆ, ಕೆಲವು ಗೆಲ್ಲುವುದಿಲ್ಲ.

ಚಿಪ್ಸಿಗಿಂತ 50ರಿಂದ 60 ಶೇಕಡ ಕೋಕೋ ಇರುವ ಬಾರ್ ಕೊಂಡು ಚಾಕುವಿನಲ್ಲಿ ಕೊಚ್ಚುವುದು ಒಳ್ಳೆಯದು. ಹುಣಸೆ ಬೀಜದಷ್ಟು ದೊಡ್ಡ ತುಂಡುಗಳು ಮುಕ್ಕಾಲು ಪಾಲಿರಲಿ, ಉಳಿದದ್ದು ಪುಡಿಯೇ ಇರಲಿ. ದೊಡ್ಡ ತುಂಡು ಕರಗಿ ಹೊಂಡವಾಗಿ ನಿಲ್ಲುತ್ತದೆ, ಪುಡಿ ಹಿಟ್ಟಿನಲ್ಲೆಲ್ಲ ಹರಡಿ ಬಣ್ಣವನ್ನೂ ರುಚಿಯನ್ನೂ ಕೊಡುತ್ತದೆ. ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ, ಘಟ್ಟ ಇಳಿದರೆ ಅಡಿಕೆ ತೋಟಗಳ ನಡುವೆಯೇ ಕೋಕೋ ಬೆಳೆಯುತ್ತಾರೆ. ಇಷ್ಟು ಹತ್ತಿರವೇ ಕೋಕೋ ಇರುವಾಗ ಮೇಣದ ಚಿಪ್ಸ್ ತಿನ್ನುವುದರಲ್ಲಿ ಅರ್ಥವಿಲ್ಲ.

ಉಳಿದ ಸಾಮಾನಿನ ಬಗ್ಗೆ

'ರೂಮ್ ಟೆಂಪರೇಚರ್ ಬೆಣ್ಣೆ' ಎಂಬ ಮಾತನ್ನು ಇಲ್ಲಿ ಮರೆತುಬಿಡಿ. ಯಾವ ರೂಮು? ಜನವರಿ ಬೆಳಿಗ್ಗೆ ಮಡಿಕೇರಿಯ ಅಡುಗೆಮನೆಯಲ್ಲಿ ಬೆಣ್ಣೆ ಇಟ್ಟಿಗೆಯಂತಿರುತ್ತದೆ, ಏಪ್ರಿಲ್ ಮಧ್ಯಾಹ್ನ ಕುಶಾಲನಗರದಲ್ಲಿ ಮುಲಾಮಿನಂತೆ. ಫ್ರಿಜ್ಜಿನಿಂದ ತೆಗೆದು ಸೆಂಟಿಮೀಟರ್ ಗಾತ್ರದ ತುಂಡು ಮಾಡಿ 10 ನಿಮಿಷ ಇಡಿ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಬೆರಳು ಒಳಗಿಳಿಯಬಾರದು. ಉಪ್ಪು ಬೆಣ್ಣೆಯಾದರೆ ಬೇರೆ ಉಪ್ಪು ಹಾಕಬೇಡಿ, ಅದರಲ್ಲಿರುವುದೇ ಸಾಕು. ಮನೆಯಲ್ಲಿ ಕಡೆದ ಬೆಣ್ಣೆ ರುಚಿಯಲ್ಲಿ ಮುಂದು, ಈ ಕೆಲಸಕ್ಕೆ ಮಾತ್ರ ಹಿಂದು: ಅದರಲ್ಲಿ ನೀರು, ಮಜ್ಜಿಗೆ ಎಷ್ಟು ಉಳಿದಿದೆಯೆಂಬ ಲೆಕ್ಕವೇ ಇರುವುದಿಲ್ಲ.

ಕಂದು ಸಕ್ಕರೆ ಎಂದರೆ ಕೈಯಲ್ಲಿ ಹಿಡಿದರೆ ಒದ್ದೆ ಮರಳಿನಂತೆ ಮುದ್ದೆಯಾಗುವ ಸಕ್ಕರೆ. ಕಾಫಿಗೆಂದು ಮಾರುವ ದಪ್ಪ ಹರಳಿನ ಡೆಮೆರಾರಾ ಬೇಡ, ಅದು ತಣ್ಣನೆ ಬೆಣ್ಣೆಯಲ್ಲಿ ಕರಗದೆ ಹಲ್ಲಿಗೆ ಕರಕರ ಸಿಗುತ್ತದೆ. ಮೆತ್ತನೆಯದು ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು: 90 ಗ್ರಾಂ ಬಿಳಿ ಸಕ್ಕರೆಯನ್ನು ಮಿಕ್ಸಿಯಲ್ಲಿ ನಾಲ್ಕೈದು ಸೆಕೆಂಡು ತಿರುಗಿಸಿ, 10 ಗ್ರಾಂ ಜೋನಿ ಬೆಲ್ಲ ಹಾಕಿ ಬೆರಳಲ್ಲಿ ತಿಕ್ಕಿ. ಬಣ್ಣ ಸಮನಾಗುವವರೆಗೆ ತಿಕ್ಕಿದರೆ ಮುಗಿಯಿತು. ರುಚಿಯಲ್ಲಿ ಅಂಗಡಿಯದಕ್ಕಿಂತ ಇದೇ ಮೇಲು. ನಮ್ಮ ಬಿಳಿ ಸಕ್ಕರೆಯ ಹರಳೂ ದಪ್ಪ, ಪಟ್ಟಿಯಲ್ಲಿರುವ 50 ಗ್ರಾಮನ್ನೂ ಹೀಗೆಯೇ ಒಂದು ಸುತ್ತು ತಿರುಗಿಸಿಕೊಳ್ಳಿ. ಹಿಟ್ಟಿನಂತೆ ನುಣ್ಣಗಾಗಬಾರದು, ಸಣ್ಣ ರವೆಯ ಹದ ಸಾಕು.

ಸಕ್ಕರೆಯ ಜಾಗಕ್ಕೆ ಪೂರ್ತಿ ಬೆಲ್ಲ ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಾಕಿದರೆ ತಿನ್ನಲು ಚೆನ್ನಾಗಿರುವ ಏನೋ ಒಂದು ಆಗುತ್ತದೆ, ಈ ಕುಕ್ಕಿ ಆಗುವುದಿಲ್ಲ. ಬೆಲ್ಲದಿಂದ ಬೆಲ್ಲಕ್ಕೆ ನೀರಿನಂಶ, ಉಪ್ಪಿನಂಶ ಬೇರೆ, ನಡುಭಾಗ ಕೇಕಿನಂತಾಗುತ್ತದೆ. ಜೇನನ್ನೂ ಹಾಗೆಯೇ. ಒಂದು ಚಮಚಕ್ಕಿಂತ ಹೆಚ್ಚು ಹಾಕಿದರೆ ಕುಕ್ಕಿ ಹರಡುತ್ತದೆ, ಬೇಯುವ ಮೊದಲೇ ಕಪ್ಪಾಗುತ್ತದೆ. ಕೊಡಗಿನ ಜೇನನ್ನು ಅಕ್ಕಿರೊಟ್ಟಿಯ ಜೊತೆ ತಿನ್ನಿ.

ನಾಟಿ ಕೋಳಿಯ ಮೊಟ್ಟೆ ಸಣ್ಣದು, ಸಿಪ್ಪೆ ಬಿಟ್ಟರೆ 35ರಿಂದ 40 ಗ್ರಾಂ. ಒಂದು ಇಡೀ ಮೊಟ್ಟೆ ಒಡೆದು, ಇನ್ನೊಂದರ ಹಳದಿಯಿಂದ 50 ಗ್ರಾಮಿಗೆ ಸರಿದೂಗಿಸಿ. ಹಳದಿ ಹೆಚ್ಚಾದಷ್ಟೂ ಒಳ್ಳೆಯದೇ, ಬಿಳಿ ಹೆಚ್ಚಾದರೆ ಒಣಗುತ್ತದೆ. ಮೊಟ್ಟೆ ತಿನ್ನದವರು ಒಂದು ಟೇಬಲ್ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ಟೇಬಲ್ ಚಮಚ ನೀರಿನಲ್ಲಿ 10 ನಿಮಿಷ ನೆನೆಸಿ ಹಾಕಬಹುದು. ಎತ್ತರ ಸ್ವಲ್ಪ ಕಡಿಮೆ ಬರುತ್ತದೆ, ಅಂಟು ಚೆನ್ನಾಗಿಯೇ ಇರುತ್ತದೆ. ಮೊಸರು ಹಾಕಿದರೆ ಕೇಕಿನ ಹಾದಿ ಹಿಡಿಯುತ್ತದೆ.

ಕಪಾಟಿನ ಮೂಲೆಯ ಸೋಡಾ ಜೀವಂತವಿದೆಯೇ ಎಂದು ನೋಡಲು ವಿನೆಗರ್ ಹುಡುಕಿಕೊಂಡು ಹೋಗಬೇಕಿಲ್ಲ. ಚಿಟಿಕೆ ಸೋಡಾದ ಮೇಲೆ ಎರಡು ಹನಿ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಬಿಡಿ. ಭುಸ್ ಎಂದು ನೊರೆ ಬಂದರೆ ಸರಿ, ಸುಮ್ಮನಿದ್ದರೆ ಹೊಸ ಪ್ಯಾಕೆಟ್ ತನ್ನಿ. ಬೇಕಿಂಗ್ ಪೌಡರನ್ನು ಬಿಸಿನೀರಿನಲ್ಲಿ ಹಾಕಿ ನೋಡಬೇಕು. ಮಳೆಗಾಲದಲ್ಲಿ ಒಮ್ಮೆ ತೆರೆದ ಬೇಕಿಂಗ್ ಪೌಡರ್ ಡಬ್ಬಿ ಬೇಗ ಸತ್ತುಹೋಗುತ್ತದೆ. ಸೋಡಾ ಬಣ್ಣ ಕೊಡುತ್ತದೆ, ಪೌಡರ್ ಮೇಲಕ್ಕೆತ್ತುತ್ತದೆ, ಅದಕ್ಕೇ ಎರಡೂ ಬೇಕು.

ಕಾಫಿಯ ಊರಿನಲ್ಲಿ ಕಾಫಿ ಹಾಕದಿದ್ದರೆ ಹೇಗೆ ಎನ್ನುವವರು ಒಂದು ಟೀ ಚಮಚ ಇನ್‌ಸ್ಟಂಟ್ ಪುಡಿಯನ್ನು ಮೊಟ್ಟೆಯಲ್ಲಿ ಕದಡಿ ಹಾಕಿ. ಕಾಫಿಯ ರುಚಿ ಮುಂದೆ ಬರುವುದಿಲ್ಲ, ಚಾಕೊಲೇಟಿನ ಕಹಿ ಆಳವಾಗುತ್ತದೆ. ಫಿಲ್ಟರ್ ಪುಡಿ ಕರಗುವುದಿಲ್ಲ, ಹಲ್ಲಿಗೆ ಮಣ್ಣಿನಂತೆ ಸಿಗುತ್ತದೆ. ಡಿಕಾಕ್ಷನ್ ಹಾಕಿದರೆ ಹಿಟ್ಟು ನೀರಾಗುತ್ತದೆ.

ಹಿಟ್ಟು ಕಲಸುವುದು

ಮೈದಾ, ಕಾರ್ನ್‌ಫ್ಲೋರ್, ಸೋಡಾ, ಬೇಕಿಂಗ್ ಪೌಡರ್, ಉಪ್ಪು ಇವಿಷ್ಟನ್ನು ಒಟ್ಟಿಗೆ ಜರಡಿ ಹಿಡಿದು ಪಕ್ಕಕ್ಕಿಡಿ. ಸೋಡಾದ ಒಂದು ಸಣ್ಣ ಗಂಟು ಉಳಿದರೂ ಅದು ಸಿಕ್ಕಿದವರ ಬಾಯಿ ಕಹಿ.

ಬೆಣ್ಣೆಯ ತುಂಡು ಮತ್ತು ಎರಡೂ ಸಕ್ಕರೆಯನ್ನು ಹ್ಯಾಂಡ್ ಮಿಕ್ಸರಿನಲ್ಲಿ ಕಡಿಮೆ ವೇಗದಲ್ಲಿ ಒಂದರಿಂದ ಒಂದೂವರೆ ನಿಮಿಷ ತಿರುಗಿಸಿ. ಕೇಕಿಗೆ ಮಾಡುವಂತೆ ಬೆಳ್ಳಗೆ, ಹಗುರ ಆಗುವವರೆಗೆ ಹೊಡೆಯಬೇಡಿ. ಹಾಗೆ ಹೊಡೆದರೆ ಗಾಳಿ ತುಂಬುತ್ತದೆ, ಬೆಣ್ಣೆ ಬಿಸಿಯಾಗುತ್ತದೆ, ಕುಕ್ಕಿ ಉಬ್ಬಿ ಕುಸಿಯುತ್ತದೆ. ಒದ್ದೆ ಮರಳಿನ ಮುದ್ದೆಗಳಂತೆ ಕಂಡು, ಅಲ್ಲಲ್ಲಿ ಬಟಾಣಿ ಗಾತ್ರದ ಬೆಣ್ಣೆ ಉಳಿದಿರುವಾಗಲೇ ನಿಲ್ಲಿಸಿ. ಮಿಕ್ಸರ್ ಇಲ್ಲದವರು ಗಟ್ಟಿ ಬೆಣ್ಣೆಯನ್ನು ಕ್ಯಾರೆಟ್ ತುರಿಯುವ ಮಣೆಯಲ್ಲಿ ತುರಿದು, ಮರದ ಸೌಟಿನಿಂದ ಸಕ್ಕರೆಗೆ ಒತ್ತಿ ಸೇರಿಸಿ. ಡಿಸೆಂಬರ್ ಚಳಿಗೆ ಇದು ಮಿಕ್ಸರಿಗಿಂತಲೂ ಸಲೀಸು. ಬರಿಗೈಯಲ್ಲಿ ಕಲಸಬೇಡಿ, ಅಂಗೈಯ ಬಿಸಿಗೆ ಬೆಣ್ಣೆ ಸೋಲುತ್ತದೆ.

ಮೊಟ್ಟೆ, ವೆನಿಲ್ಲಾ ಸೇರಿಸಿ 20 ಸೆಕೆಂಡು ತಿರುಗಿಸಿ. ಮೊಸರೊಡೆದಂತೆ ಕಂಡರೆ ಗಾಬರಿ ಬೇಡ, ತಣ್ಣನೆ ಬೆಣ್ಣೆಗೆ ಅದು ಸಹಜ. ಒಂದು ಕಾಲದಲ್ಲಿ ಇಲ್ಲಿನ ಕಾಫಿ ತೋಟಗಳಲ್ಲೇ ವೆನಿಲ್ಲಾ ಬಳ್ಳಿ ಹಬ್ಬಿಸಿದ್ದರು, ಬೆಲೆ ಬಿದ್ದ ಮೇಲೆ ಹೆಚ್ಚಿನವರು ಕೈಬಿಟ್ಟರು. ಯಾರದಾದರೂ ತೋಟದಲ್ಲಿ ಹದ ಮಾಡಿದ ಕೋಡು ಸಿಕ್ಕರೆ ಅರ್ಧ ಕೋಡು ಸೀಳಿ, ಒಳಗಿನ ಕರಿ ಕಾಳನ್ನು ಸಕ್ಕರೆಗೆ ತಿಕ್ಕಿ. ಎಸೆನ್ಸ್ ಬೇಕಾಗುವುದಿಲ್ಲ.

ಈಗ ಮೈದಾ ಮಿಶ್ರಣ ಹಾಕಿ ಸೌಟಿನಿಂದ ಮಗುಚಿ. ಒಣ ಹಿಟ್ಟು ಇನ್ನೂ ಒಂದಿಷ್ಟು ಕಾಣುತ್ತಿರುವಾಗಲೇ ಚಾಕೊಲೇಟು, ಬೀಜ ಸುರಿಯಿರಿ. ಅವು ಸೇರುವಷ್ಟರಲ್ಲಿ ಹಿಟ್ಟೂ ಸೇರಿರುತ್ತದೆ. ಚಪಾತಿಗೆ ನಾದಿದಂತೆ ನಾದಿದರೆ ಮೈದಾದ ಅಂಟುಜಿಗಿ ಬಲವಾಗಿ ಕುಕ್ಕಿ ರಬ್ಬರಾಗುತ್ತದೆ. ಗೋಡಂಬಿ ಹಾಕುವುದಾದರೆ ಮೊದಲು ಒಣ ಬಾಣಲೆಯಲ್ಲಿ ತುಸು ಕೆಂಪಗೆ ಹುರಿದು, ಪೂರ್ತಿ ಆರಿಸಿ. ಬಿಸಿ ಬೀಜ ಹಾಕಿದರೆ ಇಷ್ಟು ಹೊತ್ತು ಬೆಣ್ಣೆಯನ್ನು ತಣ್ಣಗಿಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ಉಂಡೆ ಮತ್ತು ವಿಶ್ರಾಂತಿ

ಹಿಟ್ಟನ್ನು ತಕ್ಕಡಿಯ ಮೇಲೆ 95 ಗ್ರಾಮಿನಂತೆ ಎಂಟು ಪಾಲು ಮಾಡಿ. ಲಾಡಿನಂತೆ ನುಣ್ಣಗೆ ಉರುಟು ಮಾಡಬಾರದು. ಸಡಿಲವಾಗಿ ಒಟ್ಟುಗೂಡಿಸಿ, ಉಂಡೆಯನ್ನು ಎರಡಾಗಿ ಹರಿದು, ಹರಿದ ಒರಟು ಮುಖಗಳು ಮೇಲೆ ಬರುವಂತೆ ಪುನಃ ಅಂಟಿಸಿ. ಬೆಂದ ಮೇಲೆ ಕಾಣುವ ಬಂಡೆಯಂಥ ಉಬ್ಬುತಗ್ಗು ಬರುವುದು ಇಲ್ಲಿಂದಲೇ. ಅಗಲಕ್ಕಿಂತ ಎತ್ತರ ಹೆಚ್ಚಿರಲಿ. ಮೇಲಿಂದ ತಟ್ಟಬೇಡಿ.

ಉಂಡೆಗಳನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನಲ್ಲಿ ಕನಿಷ್ಠ 2 ಗಂಟೆ ಇಡಿ. ಒಂದು ರಾತ್ರಿ ಇಟ್ಟರೆ ಇನ್ನೂ ಚೆನ್ನ. 24 ಗಂಟೆಯಲ್ಲಿ ಮೈದಾ ಮೊಟ್ಟೆಯ ನೀರನ್ನು ಪೂರ್ತಿ ಹೀರಿಕೊಳ್ಳುತ್ತದೆ, ಹಿಟ್ಟು ಬಿಗಿಯಾಗುತ್ತದೆ, ಬೇಯುವಾಗ ಬಣ್ಣ ಆಳವಾಗಿ ಬರುತ್ತದೆ, ಬೆಲ್ಲದ ಪಾಕದಂಥ ವಾಸನೆ ಹುಟ್ಟುತ್ತದೆ. ಒಂದೇ ಹಿಟ್ಟಿನ ಎರಡು ಉಂಡೆ ಇವತ್ತು, ಎರಡು ನಾಳೆ ಬೇಯಿಸಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೂರು ದಿನ ದಾಟಿಸಬೇಡಿ. ಮಡಿಕೇರಿಯ ಚಳಿಯೇ ಸಾಕಲ್ಲ ಎಂದು ಹೊರಗಿಡಬೇಡಿ, 14 ಡಿಗ್ರಿಯ ಚಳಿಗೂ ಫ್ರಿಜ್ಜಿನ 4 ಡಿಗ್ರಿಗೂ ಬಹಳ ದೂರ, ಸಾಲದ್ದಕ್ಕೆ ಇರುವೆ.

ಬೇಯಿಸುವುದು

ಒಟಿಜಿಯ ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ 200 ಡಿಗ್ರಿಗೆ 20 ನಿಮಿಷ ಕಾಯಿಸಿ. ದೀಪ ಆರಿದ ಕೂಡಲೇ ಕಾದಿದೆ ಎಂದುಕೊಳ್ಳಬೇಡಿ, ಆಗ ಕಾದಿರುವುದು ಗಾಳಿ ಮಾತ್ರ, ಗೋಡೆಯಲ್ಲ. ಬಾಗಿಲು ತೆರೆದ ಕ್ಷಣಕ್ಕೆ ಆ ಬಿಸಿ ಹೊರಗೆ. ಜೊತೆಗೆ ಒಟಿಜಿಯ ಗುಂಡಿ ತೋರಿಸುವ ಡಿಗ್ರಿಗೂ ಒಳಗಿನ ಡಿಗ್ರಿಗೂ 15, 20ರ ಅಂತರ ಸಾಮಾನ್ಯ. ಒಳಗಿಡುವ ಸಣ್ಣ ಓವನ್ ಥರ್ಮಾಮೀಟರ್ ಕೊಂಡರೆ ಈ ಊಹೆಯ ಕಾಟ ತಪ್ಪುತ್ತದೆ.

ವೋಲ್ಟೇಜ್ ಲೆಕ್ಕ ಇನ್ನೊಂದು. ರಾಡಿನ ಬಿಸಿ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಲೆಕ್ಕಕ್ಕೆ (ವರ್ಗಕ್ಕೆ) ತಕ್ಕಂತೆ ಇಳಿಯುತ್ತದೆ. 230ರ ಜಾಗದಲ್ಲಿ 180 ವೋಲ್ಟ್ ಬರುತ್ತಿದ್ದರೆ ಸಿಗುವ ಶಾಖ ಸುಮಾರು 60 ಶೇಕಡ ಮಾತ್ರ. ಸಂಜೆ ಬಲ್ಬ್ ಮಂದವಾಗಿ ಉರಿಯುವ ಲೈನಿನಲ್ಲಿ ಮನೆಯಿದ್ದರೆ ಕಾಯಿಸಲು 30 ನಿಮಿಷ ಹಿಡಿಯಿರಿ, ಇಲ್ಲವೇ ಬೆಳಿಗ್ಗೆ ಹತ್ತು ಗಂಟೆಯ ನಂತರ ಬೇಯಿಸಿ. 1,500 ವ್ಯಾಟಿನ ಒಟಿಜಿಯನ್ನು ಮನೆಯ ಮಾಮೂಲಿ ಯುಪಿಎಸ್ ಎಳೆಯುವುದಿಲ್ಲ, ಪ್ರಯೋಗ ಮಾಡಲು ಹೋಗಬೇಡಿ.

ಟ್ರೇಗೆ ಬೇಕಿಂಗ್ ಪೇಪರ್ ಹಾಸಿ ನಾಲ್ಕೇ ಉಂಡೆ ಇಡಿ, ನಡುವೆ ಐದಾರು ಸೆಂಟಿಮೀಟರ್ ಜಾಗ. ಒಟಿಜಿಯ ಜೊತೆ ಬರುವ ಕಪ್ಪು ಟ್ರೇ ಶಾಖವನ್ನು ಬೇಗ ಹೀರಿ ತಳ ಸುಡುತ್ತದೆ. ತಿಳಿ ಬಣ್ಣದ ಅಲ್ಯೂಮಿನಿಯಂ ಟ್ರೇ ಒಳ್ಳೆಯದು. ಇಲ್ಲದಿದ್ದರೆ ಎರಡು ಕಪ್ಪು ಟ್ರೇಗಳನ್ನು ಒಂದರ ಮೇಲೊಂದು ಇಟ್ಟು ಬಳಸಿ. ಉಂಡೆ ಫ್ರಿಜ್ಜಿನಿಂದ ನೇರವಾಗಿ ಓವನ್ನಿಗೆ ಹೋಗಬೇಕು, ಮೇಜಿನ ಮೇಲೆ ಕಾಯಬಾರದು. ಟ್ರೇ ನಡುವಿನ ಹಲ್ಲಿನಲ್ಲಿರಲಿ.

ಹತ್ತನೇ ನಿಮಿಷದವರೆಗೆ ಬಾಗಿಲು ತೆರೆಯಬೇಡಿ, ಗಾಜಿನಿಂದಲೇ ನೋಡಿ. ಹೆಚ್ಚಿನ ಒಟಿಜಿಗಳಲ್ಲಿ 11ರಿಂದ 13 ನಿಮಿಷ ಬೇಕು. ಏನನ್ನು ನೋಡಬೇಕು? ಉಬ್ಬುಗಳ ತುದಿ ಹೊಂಬಣ್ಣಕ್ಕೆ ತಿರುಗಿರಬೇಕು. ಬುಡದ ಸುತ್ತ ಅರ್ಧ ಸೆಂಟಿಮೀಟರ್ ಅಂಚು ಗಟ್ಟಿಯಾಗಿ ಮಂಕಾಗಿರಬೇಕು. ನಡುಭಾಗ ಇನ್ನೂ ಹೊಳೆಯುತ್ತಾ, ಹಸಿ ಎನ್ನಿಸಬೇಕು. ಟ್ರೇಯನ್ನು ಮೆಲ್ಲಗೆ ಅಲುಗಿಸಿದರೆ ಅಂಚು ಅಲುಗದೆ ನಡು ತುಸು ನಡುಗಬೇಕು. ಆ ಕ್ಷಣ ತೆಗೆಯಿರಿ. ಕಡಂಬುಟ್ಟು (ಆವಿಯಲ್ಲಿ ಬೇಯಿಸುವ ಅಕ್ಕಿ ಕಡುಬು) ಬೆಂದಿದೆಯೇ ಎಂದು ಕಡ್ಡಿ ಚುಚ್ಚಿ ನೋಡುವ ಅಭ್ಯಾಸ ಇಲ್ಲಿ ಮೋಸ ಮಾಡುತ್ತದೆ: ಕಡ್ಡಿಗೆ ಏನೂ ಅಂಟದೆ ಬಂದರೆ ಕುಕ್ಕಿ ಆಗಲೇ ಹೆಚ್ಚು ಬೆಂದಿದೆ ಎಂದರ್ಥ.

ತೆಗೆದ ಮೇಲೆ ಟ್ರೇ ಮೇಲೆಯೇ 15 ನಿಮಿಷ ಮುಟ್ಟದೆ ಬಿಡಿ. ಟ್ರೇಯ ಬಿಸಿಯಲ್ಲಿ ನಡುಭಾಗ ಇನ್ನಷ್ಟು ಬೇಯುತ್ತದೆ. ಈಗಲೇ ಎತ್ತಿದರೆ ಮುರಿದು ಸುರಿಯುತ್ತದೆ. ನಂತರ ಜಾಲರಿಯ ಮೇಲೆ ಇನ್ನೊಂದು 15 ನಿಮಿಷ. ದಪ್ಪ ಹರಳಿನ ಉಪ್ಪನ್ನು ಉದುರಿಸುವುದಿದ್ದರೆ ಓವನ್ನಿನಿಂದ ತೆಗೆದ ತಕ್ಷಣ, ಐದಾರು ಹರಳು ಸಾಕು.

ನಡುವೆ ಕರೆಂಟು ಹೋದರೆ: ಎಂಟು ನಿಮಿಷ ಕಳೆದಿದ್ದರೆ ಬಾಗಿಲು ತೆರೆಯದೆ ಇನ್ನೂ ಆರೇಳು ನಿಮಿಷ ಬಿಡಿ, ಉಳಿದ ಬಿಸಿಯಲ್ಲೇ ಮುಗಿಯುತ್ತದೆ. ನಾಲ್ಕು ನಿಮಿಷದೊಳಗೆ ಹೋಗಿ, ಎರಡು ನಿಮಿಷದಲ್ಲಿ ಬಾರದಿದ್ದರೆ ಟ್ರೇ ಹೊರಗೆ ತೆಗೆದು, ಕುಸಿದ ಉಂಡೆಗಳನ್ನು ಚಮಚದಿಂದ ಒಟ್ಟುಮಾಡಿ ಫ್ರೀಜರಿನಲ್ಲಿಡಿ. ಕರೆಂಟು ಬಂದ ಮೇಲೆ ಪುನಃ ಬೇಯಿಸಬಹುದು, ರೂಪ ಕೆಟ್ಟರೂ ರುಚಿ ಕೆಡುವುದಿಲ್ಲ. ಐದರಿಂದ ಏಳನೇ ನಿಮಿಷದ ನಡುವೆ ಹೋದರೆ ಮಾತ್ರ ದುರದೃಷ್ಟ. ಅರೆಬೆಂದ ಅದನ್ನು ಮುಚ್ಚಳವಿರುವ ಕಾದ ಬಾಣಲೆಗೆ ವರ್ಗಾಯಿಸಿ ಗ್ಯಾಸಿನ ಮೇಲೆ ಮುಗಿಸುವುದೊಂದೇ ದಾರಿ.

ಓವನ್ ಇಲ್ಲದವರಿಗೆ

ದಪ್ಪ ತಳದ ಬಾಣಲೆಯಲ್ಲಿ ಎರಡು ಸೆಂಟಿಮೀಟರ್ ಉಪ್ಪು ಅಥವಾ ಮರಳು ಹಾಕಿ, ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಬಿಗಿ ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ 12 ನಿಮಿಷ ಕಾಯಿಸಿ. ಇಲ್ಲಿ ಉಂಡೆ 60 ಗ್ರಾಂ ಮೀರಬಾರದು. ತಟ್ಟೆಯಲ್ಲಿ ಮೂರು ಉಂಡೆ ಇಟ್ಟು 14ರಿಂದ 16 ನಿಮಿಷ ಬೇಯಿಸಿ. ಶಾಖವೆಲ್ಲ ಕೆಳಗಿಂದಲೇ ಬರುವುದರಿಂದ ಮೇಲೆ ಬಣ್ಣ ಬರುವುದಿಲ್ಲ, ಅದಕ್ಕಾಗಿ ಕಾಯುತ್ತಾ ಕುಳಿತರೆ ತಳ ಕರಕಲು. ಸೌದೆ ಒಲೆಯಿರುವ ಮನೆಗಳಲ್ಲಿ ಮುಚ್ಚಳದ ಮೇಲೆ ನಾಲ್ಕು ಕೆಂಡ ಇಡುವ ಹಳೆಯ ಉಪಾಯ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಕುಕ್ಕರನ್ನು ನೀರಿಲ್ಲದೆ ಕಾಯಿಸುವುದು ಕುಕ್ಕರಿಗೆ ಒಳ್ಳೆಯದಲ್ಲ, ಬಾಣಲೆಯೇ ಸಾಕು.

ಎಲ್ಲಿ ಕೆಡುತ್ತದೆ

ಕುಕ್ಕಿ ನೀರ್‌ದೋಸೆಯಂತೆ ಹರಡಿತು ಎಂಬುದೇ ಹೆಚ್ಚಿನವರ ದೂರು. ನೂರಕ್ಕೆ ಎಂಬತ್ತು ಸಲ ಕಾರಣ ಬೆಣ್ಣೆ ಬಿಸಿಯಾಗಿದ್ದದ್ದು ಅಥವಾ ಓವನ್ ಕಾಯದೆ ಇದ್ದದ್ದು. ಮೈದಾ ಹೆಚ್ಚಿಸುವ ಮೊದಲು ಇವೆರಡನ್ನು ನೋಡಿ. ಪರೀಕ್ಷೆಗೆ ಒಂದೇ ಒಂದು ಉಂಡೆ ಬೇಯಿಸಿ. ಹರಡಿದರೆ ಉಳಿದವನ್ನು 30 ನಿಮಿಷ ಫ್ರೀಜರಿನಲ್ಲಿಟ್ಟು, ಓವನ್ 10 ಡಿಗ್ರಿ ಏರಿಸಿ. ಆಗಲೂ ಹರಡಿದರೆ ಮಾತ್ರ ಮೈದಾದ ಮಾತು. ಮೊದಲ ಟ್ರೇ ತೆಗೆದ ಬಿಸಿ ಟ್ರೇ ಮೇಲೆಯೇ ಎರಡನೇ ಸುತ್ತಿನ ಉಂಡೆ ಇಟ್ಟರೂ ಇದೇ ಗತಿ: ಓವನ್ನಿನೊಳಗೆ ಹೋಗುವ ಮೊದಲೇ ತಳ ಕರಗಿರುತ್ತದೆ. ಟ್ರೇಯನ್ನು ನಲ್ಲಿಯ ಕೆಳಗೆ ಹಿಡಿದು ಆರಿಸಿ, ಒರೆಸಿ, ಮತ್ತೆ ಇಡಿ.

ಸ್ವಲ್ಪವೂ ಹರಡದೆ ಗುಡ್ಡೆಯಾಗಿಯೇ ಉಳಿದರೆ ಮೈದಾ ಜಾಸ್ತಿ, ಇಲ್ಲವೇ ಉಂಡೆ ಫ್ರೀಜರಿನಲ್ಲಿ ಕಲ್ಲಾಗಿತ್ತು. ಎಂಟನೇ ನಿಮಿಷಕ್ಕೆ ಉಂಡೆ ಹಾಗೇ ನಿಂತಿದ್ದರೆ ಚಮಚದ ಬೆನ್ನಿನಿಂದ ಒಮ್ಮೆ ಮೆಲ್ಲಗೆ ಒತ್ತಬಹುದು. ಬಾಗಿಲು ತೆರೆಯಬೇಡಿ ಎಂದ ಮಾತಿಗೆ ಇದೊಂದೇ ರಿಯಾಯಿತಿ.

ಮೇಲೆ ಕಪ್ಪಾಗಿ ಒಳಗೆ ಹಿಟ್ಟಿನಂತಿದ್ದರೆ ಟ್ರೇ ಮೇಲಿನ ರಾಡಿಗೆ ಹತ್ತಿರವಿದೆ. ಒಂದು ಹಲ್ಲು ಕೆಳಗಿಳಿಸಿ, ಅಥವಾ ಎಂಟನೇ ನಿಮಿಷಕ್ಕೆ ಮೇಲಿನ ರಾಡ್ ಆಫ್ ಮಾಡಿ. ಸಾಬೂನಿನ ರುಚಿ ಬಂದರೆ ಸೋಡಾ ಹೆಚ್ಚಾಗಿದೆ, ಅದಕ್ಕೆ ಪರಿಹಾರವಿಲ್ಲ.

ಇಡುವುದು, ಮತ್ತೆ ಬಿಸಿ ಮಾಡುವುದು

ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಬಿಸಿ ಇರುವಾಗ ಮುಚ್ಚಿದರೆ ಆವಿ ನೀರಾಗಿ ಅಂಚಿನ ಗರಿ ಹೋಗುತ್ತದೆ. ಮಳೆಗಾಲದಲ್ಲಿ ಎರಡು ದಿನ, ಬೇಸಿಗೆಯಲ್ಲಿ ನಾಲ್ಕು ದಿನ ಚೆನ್ನಾಗಿರುತ್ತದೆ. ಆಷಾಢದ ಥಂಡಿಯಲ್ಲಿ ಡಬ್ಬಿಯನ್ನು ಹತ್ತು ನಿಮಿಷ ತೆರೆದಿಟ್ಟರೂ ಸಕ್ಕರೆ ಗಾಳಿಯ ನೀರು ಹೀರಿ ಮೇಲ್ಮೈ ಅಂಟಂಟಾಗುತ್ತದೆ. 150 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಬಿಸಿ ಮಾಡಿದರೆ ಅಂಚು ಮತ್ತೆ ಗರಿಯಾಗುತ್ತದೆ, ಚಾಕೊಲೇಟೂ ಕರಗುತ್ತದೆ. ಮೈಕ್ರೋವೇವಿನಲ್ಲಿ 10 ಸೆಕೆಂಡು ಸಾಕು, ಆದರೆ ಗರಿ ಬರುವುದಿಲ್ಲ.

ಹೋಮ್‌ಸ್ಟೇ ನಡೆಸುವವರು ಬೆಂದ ಕುಕ್ಕಿಯನ್ನು ಶೇಖರಿಸುವ ಬದಲು ಉಂಡೆಗಳನ್ನೇ ಫ್ರೀಜರಿನಲ್ಲಿಡುವುದು ಜಾಣತನ. ಮೊದಲು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಒಂದು ಗಂಟೆ ಗಟ್ಟಿಯಾಗಿಸಿ, ನಂತರ ಚೀಲಕ್ಕೆ ತುಂಬಿ ತಾರೀಖು ಬರೆದಿಡಿ, ಎರಡು ತಿಂಗಳು ಇರುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗಿ ಉಂಡೆ ಮೆತ್ತಗಾಗಿ ಬೆಚ್ಚಗಾಗಿದ್ದರೆ ಮತ್ತೆ ಹೆಪ್ಪುಗಟ್ಟಿಸಲು ಹೋಗಬೇಡಿ, ಎಸೆಯಿರಿ. ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿದ ಅತಿಥಿಗಳು ಕೈಕಾಲು ತೊಳೆಯಲು ಹೋದಾಗ ಒಟಿಜಿ ಹಾಕಿದರೆ, ಕಾಯಲು 20 ನಿಮಿಷ, ಹೆಪ್ಪುಗಟ್ಟಿದ ಉಂಡೆ 190 ಡಿಗ್ರಿಯಲ್ಲಿ ಬೇಯಲು 14ರಿಂದ 16 ನಿಮಿಷ, ಆರಲು 15 ನಿಮಿಷ. ಕಾಫಿಗೆ ಹಾಲು ಕಾಯಿಸಲು ಇಡಬೇಕಾದದ್ದು ಟ್ರೇ ಹೊರಗೆ ಬಂದ ಮೇಲೆ.